ಕನ್ನಡಿಯಲ್ಲಿ ತಿರುಗಿಸಿ ನೋಡಿದ ಹನ್ನೊಂದು ಸೆಕೆಂಡು

ಒಂದೇ ವಾಕ್ಯವನ್ನು ನಾನು ಇಬ್ಬರ ಬಗ್ಗೆ ಬರೆದಿದ್ದೆ: "ಕೈ ಮೆದು, ಧೈರ್ಯ ಇನ್ನೂ ಬರಬೇಕು." ಒಂದು ಮಳೆಗಾಲ ಶುರುವಾಗುವಾಗಿನ ವರದಿ, ಇನ್ನೊಂದು ಅದು ಮುಗಿಯುವ ಹೊತ್ತಿನದು. ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತಾಗ, ಯಾರ ಕೈಯನ್ನು ನೆನೆದು ಅದನ್ನು ಬರೆದೆ ಎಂಬುದು ಹೊಳೆಯಲೇ ಇಲ್ಲ. ಬಹುಶಃ ಯಾರದನ್ನೂ ನೆನೆದಿರಲಿಲ್ಲ.

ಕೆ.ಜಿ.ಎಫ್.ನ ನಮ್ಮ ಆಸ್ಪತ್ರೆಯಲ್ಲಿ ಆಗ ಮೂವರು ವೈದ್ಯರು ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಪೀಜಿಗಳು. ಕಲಿಸುವವಳು ನಾನು. ಅಂತಿಮ ಪರೀಕ್ಷೆಗೆ ಅವರ ಹೆಸರು ಕಳಿಸುವ ಮೊದಲು, ಇವರು ಹರ್ನಿಯಾ ಆಪರೇಷನ್ನನ್ನು ಮೊದಲಿಂದ ಕೊನೆಯವರೆಗೆ ತಾವೇ ಮಾಡಬಲ್ಲರು ಎಂದು ನಾನು ಸಹಿ ಹಾಕಬೇಕು. ಅದುವರೆಗೆ ತಿಂಗಳ ಕೊನೆಗೆ ಕಣ್ಣು ಮುಚ್ಚಿ ನೆನಪಿಸಿಕೊಂಡು ವರದಿ ಬರೆಯುತ್ತಿದ್ದೆ. ದಿನಚರಿ ಬರೆಯುವ ಅಭ್ಯಾಸವೂ ನನ್ನದು. ಆದರೆ ಹಳೆಯ ಪುಟಗಳನ್ನು ಓದಿದಷ್ಟೂ ಒಂದು ಮಾತು ಖಚಿತವಾಗುತ್ತ ಬಂದಿದೆ: ಅಲ್ಲಿರುವುದು ಆ ಹಗಲು ಕಂಡದ್ದಲ್ಲ, ಆ ಸಂಜೆ ಅನಿಸಿದ್ದು.

ಹಾಗಾಗಿ ಆಪರೇಷನ್ನುಗಳನ್ನು ವಿಡಿಯೋ ಮಾಡೋಣ, ಯಾರ ಕೈ ಎಂದು ತಿಳಿಯದಂತೆ ನೋಡಿ ಅಂಕ ಹಾಕೋಣ ಎಂದು ನಾನೇ ಹೇಳಿದೆ.

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ದಿನ ಫೋನನ್ನು ಡ್ರಿಪ್ ಸ್ಟ್ಯಾಂಡಿಗೆ ಕಟ್ಟಿದೆವು. ಒಂದು ಗಂಟೆಯ ಕೊನೆಗೆ ಸಿಕ್ಕಿದ್ದು ಹಸಿರು ಟೋಪಿಯ ಹಿಂಭಾಗ. ಹಣೆಗೆ ಕಟ್ಟುವ ಚಿಕ್ಕ ಕ್ಯಾಮೆರಾ ತರಿಸಿದೆವು. ತಲೆ ಅಲುಗಿದಂತೆಲ್ಲ ಚಿತ್ರದಲ್ಲಿ ರೋಗಿಯ ಹೊಟ್ಟೆ ದೋಣಿಯ ಹಾಗೆ ತೂಗಿ, ನೋಡುವವರಿಗೆ ವಾಂತಿ ಬರುವಂತಾಯಿತು. ಆಪರೇಷನ್ ಥಿಯೇಟರಿನ ದೀಪ ಗಾಯದ ಮೇಲೆ ಬಿದ್ದರೆ ನಡುವೆ ಬರೀ ಬಿಳಿ ಹೊಳಪು, ನರ ಯಾವುದು ದಾರ ಯಾವುದು ಗೊತ್ತಾಗದು. ಕೊನೆಗೆ ಕೆಟ್ಟು ನಿಂತಿದ್ದ ಹಳೆಯ ದೀಪದ ತೋಳಿಗೆ ಕ್ಯಾಮೆರಾ ಕಟ್ಟಿ, ಬೆಳಕಿನ ಮಟ್ಟವನ್ನು ಒಂದೇ ಕಡೆ ನಿಲ್ಲಿಸಿದ ಮೇಲೆ ಚಿತ್ರ ತಿಳಿಯಾಯಿತು. ಒಂದು ಗೇಣು ಚರ್ಮ, ಎರಡು ಜೊತೆ ಗ್ಲೌಸು. ಬೇರೇನೂ ಇಲ್ಲ.

ರೋಗಿಗಳ ಒಪ್ಪಿಗೆ ಪಡೆಯುವ ಕೆಲಸವೂ ನನ್ನದೇ. ಮೊದಲು ಸಹಿ ಹಾಕಿದವನು ಕಾಮಸಮುದ್ರದ ಕಡೆ ಇಟ್ಟಿಗೆ ಗೂಡಿನಲ್ಲಿ ಹೊರುವ ಕೆಲಸದವನು.

"ನನ್ ಮಖ ಬತ್ತದಾ ಡಾಕ್ಟ್ರಮ್ಮ?"

"ಇಲ್ಲಪ್ಪ, ಹೊಟ್ಟೆ ಕೆಳಗೆ ಒಂದು ಗೇಣು ಜಾಗ ಅಷ್ಟೆ."

"ಅಂಗಾರೆ ತಗೊಳ್ಳಿ. ಆ ಒಂದ್ ಗೇಣು ನಮ್ಮೋಳ್ಗೇ ಗುರ್ತಿರಲ್ಲ."

"ಸುಮ್ಕಿರು, ನಾಚ್ಕೆ ಆಗಲ್ವಾ ನಿಂಗೆ" ಎಂದು ಪಕ್ಕದಲ್ಲಿದ್ದ ಹೆಂಡತಿ ಅವನ ಮೊಣಕಾಲಿಗೆ ಹೊಡೆದಳು.

ಪ್ರತಿ ಪೀಜಿಗೆ ಮೂರು ಆಪರೇಷನ್, ಒಟ್ಟು ಒಂಬತ್ತು ವಿಡಿಯೋ. ನಮ್ಮ ದಾಖಲೆ ಕೋಣೆಯ ಗುಮಾಸ್ತ ಆಂಡರ್ಸನ್‌ಪೇಟೆಯಲ್ಲಿ ಬಿಡುವಿನ ಹೊತ್ತಿಗೆ ಮದುವೆ ವಿಡಿಯೋ ಜೋಡಿಸುವವನು. ಅವನು ಹೆಸರು ತೆಗೆದು ನಂಬರ್ ಕೊಟ್ಟ. ಮಾತಿನಿಂದ ಯಾರೆಂದು ತಿಳಿದುಬಿಡುತ್ತದೆಂದು ದನಿಯನ್ನೂ ತೆಗೆಸಿದೆ. ಆ ನಿರ್ಧಾರ ನನ್ನದು. ಬಹಳ ನ್ಯಾಯವಾದ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಅಂಕದ ಹಾಳೆಯಲ್ಲಿ ಆರು ಸಾಲು. ಮಾಂಸವನ್ನು ಎಷ್ಟು ಜೋಪಾನವಾಗಿ ಹಿಡಿಯುತ್ತಾರೆ, ಸಲಕರಣೆ ಹೇಗೆ ಬಳಸುತ್ತಾರೆ, ಅನಗತ್ಯ ಚಲನೆ ಎಷ್ಟು, ಮುಂದಿನ ಹೆಜ್ಜೆ ಗೊತ್ತಿದೆಯೇ, ಇಂಥವು. ಪ್ರತಿಯೊಂದಕ್ಕೂ ಒಂದರಿಂದ ಐದು. ಸರಾಸರಿ ಮೂರಕ್ಕಿಂತ ಕೆಳಗಾದರೆ ಈ ಸಲದ ಪಟ್ಟಿಯಲ್ಲಿ ಹೆಸರಿಲ್ಲ, ಇನ್ನೂ ಆರು ತಿಂಗಳು. ನನ್ನ ಜೊತೆ ಅಂಕ ಹಾಕಲು ಬಂಗಾರಪೇಟೆಯಲ್ಲಿದ್ದ ನಿವೃತ್ತ ಸರ್ಜನ್ ಒಬ್ಬರು ಒಪ್ಪಿದರು. ನನಗೆ ಕೈ ಹಿಡಿದು ಕಲಿಸಿದವರು ಅವರೇ.

ಮಧ್ಯಾಹ್ನ ಓ.ಪಿ.ಯ ಹೊರರೋಗಿಗಳನ್ನು ನೋಡಿ ಮುಗಿದ ಮೇಲೆ ದಾಖಲೆ ಕೋಣೆಯಲ್ಲಿ ಕೂತು ನೋಡುತ್ತಿದ್ದೆ. ಕಿಟಕಿಯಾಚೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದುಹೋದ ಪುಡಿಯ ಸೈನೈಡ್ ದಿಬ್ಬ. ಗಾಳಿ ಬೀಸಿದಾಗ ಅದರ ಮೈಯಿಂದ ಬಿಳಿ ಪುಡಿ ಎದ್ದು, ದಿಬ್ಬವೇ ನಿಧಾನವಾಗಿ ಉಸಿರು ಬಿಟ್ಟಂತೆ ಕಾಣುವುದು. ಒಳಗೆ ಪರದೆಯಲ್ಲಿ ದನಿಯಿಲ್ಲದ ಕೈಗಳು. ಚರ್ಮ ಬಿಚ್ಚುತ್ತದೆ, ಅದರಡಿ ಹೊಳೆಯುವ ಪದರ, ಅದರಡಿ ತೆಳ್ಳಗಿನ ಹಳದಿ ನರ, ಅದನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ಸರಿಸುವುದು, ಹೊರಗೆ ಉಬ್ಬಿಬಂದ ಹರ್ನಿಯಾದ ಚೀಲವನ್ನು ಬಿಡಿಸುವುದು, ಅದು ಮತ್ತೆ ಬರದಂತೆ ಜಾಲರಿಯನ್ನು ಹಾಸಿ ಅಂಚಿನುದ್ದಕ್ಕೂ ನೀಲಿ ದಾರದಲ್ಲಿ ಹೊಲಿಯುವುದು. ಸಾವಿರ ಸಲ ಮಾಡಿದ ಕೆಲಸ. ದನಿ ತೆಗೆದು ನೋಡಿದರೆ ಅದು ನೀರೊಳಗೆ ನಡೆಯುವ ಯಾವುದೋ ಪೂಜೆಯ ಹಾಗಿರುತ್ತದೆ. ಎಷ್ಟೋ ಸಲ ಅಂಕ ಹಾಕುವುದನ್ನೇ ಮರೆತು ನೋಡುತ್ತ ಕುಳಿತಿದ್ದೆ.

ಕೈಗಳು ನನ್ನ ಹಿಂದೆಯೇ ಬರತೊಡಗಿದವು. ನನ್ನ ಮನೆಯಿರುವುದೂ ಬಂಗಾರಪೇಟೆಯಲ್ಲೇ; ಬೆಳಿಗ್ಗೆ ಅಲ್ಲಿ ಮಾರಿಕುಪ್ಪಂ ರೈಲು ಹತ್ತಿ ಉರಿಗಾಂನಲ್ಲಿ ಇಳಿಯುವವರೆಗೆ ಜನರ ಮುಖ ನೋಡುತ್ತಲೇ ಇರಲಿಲ್ಲ. ಕಂಬಿ ಹಿಡಿದ ಕೈ, ಕಡಲೆಕಾಯಿ ಸುಲಿಯುವ ಕೈ, ನಿದ್ದೆಯಲ್ಲಿ ಮಡಿಲಿಗೆ ಜಾರಿದ ಕೈ. ಪ್ರತಿಯೊಂದಕ್ಕೂ ಅಂಕ ಹಾಕುತ್ತಿದ್ದೆ.

ಒಂಬತ್ತರಲ್ಲಿ ಮೂರು ವಿಡಿಯೋ ಒಬ್ಬರದೇ ಎಂದು ನಂಬರ್ ಬಿಚ್ಚುವ ಮೊದಲೇ ಅನಿಸಿತ್ತು. ಪ್ರತಿ ಹೊಲಿಗೆಯ ಮುಂಚೆಯೂ ಆ ಕೈ ನಿಲ್ಲುತ್ತಿತ್ತು. ಮುಂದೆ ಚಾಚಿ, ಗಾಳಿಯಲ್ಲಿ ಕಾದು, ಹಿಂದೆ ಹೋಗಿ, ಮತ್ತೆ ಬರುತ್ತಿತ್ತು. "ಮುಂದಿನ ಹೆಜ್ಜೆ ಗೊತ್ತಿಲ್ಲ" ಎಂದು ಬರೆದು ಎರಡು ಹಾಕಿದೆ. ಬಂಗಾರಪೇಟೆಯ ಸರ್ಜನ್ನರದೂ ಎರಡೇ.

ನಂಬರ್ ಬಿಚ್ಚಿದಾಗ ಮೂರೂ ಆ ಮೂವರಲ್ಲಿದ್ದ ಒಬ್ಬಳೇ ಹುಡುಗಿಯವು. ಕಾಮಸಮುದ್ರದ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸಿನ ಮಗಳು. ಅವರ ಊರಿನಿಂದ ಇಷ್ಟು ದೂರ ಓದಿ ಬಂದವಳು ಅವಳೊಬ್ಬಳೇ. ಪಟ್ಟಿ ಕಳಿಸಲು ಮೂರು ವಾರ ಉಳಿದಿತ್ತು.

ಕರೆದು ಹೇಳಿದೆ. ಅವಳು ವಾದ ಮಾಡಲಿಲ್ಲ. "ಸರಿ ಮೇಡಂ" ಎಂದಳು. ಬಾಗಿಲ ತನಕ ಹೋಗಿ ತಿರುಗಿ, "ಏನ್ ತಪ್ಪು ಮಾಡ್ತಾ ಇದೀನಿ ಅಂತ ಹೇಳಿದ್ರೆ ತಿದ್ಕೋತೀನಿ" ಎಂದಳು.

"ತಡವರಿಸ್ತೀಯ."

"ಎಲ್ಲಿ ಮೇಡಂ?"

ಎಲ್ಲಾ ಕಡೆ ಎಂದುಬಿಟ್ಟೆ. ಅದು ಉತ್ತರವಲ್ಲವೆಂದು ಅವಳ ಕಣ್ಣೂ ಹೇಳಿತು, ನನಗೂ ಗೊತ್ತಾಯಿತು.

ಆ ಭಾನುವಾರ ಅಂಕದ ಹಾಳೆಗಳನ್ನು ತೆಗೆದುಕೊಂಡು ನಿವೃತ್ತ ಸರ್ಜನ್ನರ ಮನೆಗೆ ಹೋದೆ. ಯಾರ ವಿಡಿಯೋ ಎಂದು ಅವರಿಗೆ ಆಗಲೂ ಹೇಳಲಿಲ್ಲ. ಅವರು ಕನ್ನಡಕ ಹಣೆಗೇರಿಸಿ ನಕ್ಕರು.

"ಆ ನಾಕನೇ ನಂಬರ್ ಕೈ ಯಾರದಮ್ಮ? ಗಂಡಿನ ಮನೆಯವರು ತಾಂಬೂಲ ಕೊಡೋಕೆ ಬಂದಾಗ ನಾಚ್ಕೊಳ್ಳೋ ಹುಡುಗಿ ಥರ. ಒಂದು ಕೈ ಚಾಚ್ತದೆ, ಬೇಡ ಅಂತ ಇನ್ನೊಂದು ಚಾಚ್ತದೆ."

"ಒಂದು ಕೈ, ಇನ್ನೊಂದು ಕೈ ಅಂದ್ರಾ ಸಾರ್?"

"ಹೂಂ ಮತ್ತೆ. ನೀನು ನೋಡ್ಲಿಲ್ವಾ?"

ನೋಡಿರಲಿಲ್ಲ. ಚಾಚಿದ ಕೈಯೂ ಹಿಂತಿರುಗಿ ಬಂದ ಕೈಯೂ ಒಂದೇ ಎಂದು ನನ್ನ ಕಣ್ಣು ತಾನೇ ಹೊಲಿದುಕೊಂಡಿತ್ತು.

ಸೋಮವಾರ ಮಧ್ಯಾಹ್ನ, ಹುಡುಗಿಯ ಮೂರರಲ್ಲಿ ಒಂದಾದ ಆ ನಾಲ್ಕನೇ ನಂಬರನ್ನು ಮತ್ತೆ ಹಾಕಿಸಿದೆ, ಈ ಸಲ ನಿಧಾನ ವೇಗದಲ್ಲಿ. ಚಾಚುತ್ತಿದ್ದುದು ಎಡಗೈ. ಖಾಲಿ ಅಂಗೈ ಮೇಲ್ಮುಖವಾಗಿ ಕಾಯುತ್ತದೆ. ಏನೂ ಬಂದು ಬೀಳುವುದಿಲ್ಲ. ಎಡಗೈ ಮಡಚಿಕೊಳ್ಳುತ್ತದೆ, ಬಲಗೈ ಮುಂದೆ ಬರುತ್ತದೆ, ತಕ್ಷಣ ಸೂಜಿ ಹಿಡಿಯುವ ಇಕ್ಕಳ ಅದರೊಳಗೆ ಬಂದು ಕೂರುತ್ತದೆ. ಪ್ರತಿ ಹೊಲಿಗೆಗೂ ಇದೇ.

ಚೀಲ ಬಿಡಿಸುವ ಹೊತ್ತಿಗೆ ಒಂದು ಸಣ್ಣ ರಕ್ತನಾಳ ಚಿಮ್ಮಿತು. ಚಿತ್ರದ ನಡುವೆ ಕೆಂಪು ತುಂಬಿಕೊಂಡಿತು. ಅವಳ ಬಲಗೈಯ ಬೆರಳು ಅದನ್ನು ಒತ್ತಿತು. ಎಡಗೈ ಯಾರನ್ನೂ ಕೇಳದೆ ಬಟ್ಟೆಯ ಮೇಲೆ ಬಿದ್ದಿದ್ದ ಆರ್ಟರಿ ಫೋರ್ಸೆಪ್ಸನ್ನು ಎತ್ತಿಕೊಂಡು ನಾಳದ ತುದಿಗೆ ಕಚ್ಚಿಸಿ, ದಾರ ಸುತ್ತಿ, ಅದೊಂದೇ ಕೈಯಲ್ಲಿ ಗಂಟು ಹಾಕಿ ಬಿಗಿಯಿತು. ಕೆಂಪು ಇಳಿದುಹೋಯಿತು. ಆ ಮೇಲೆ ಕೈ ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದಂತೆ ಒಂದು ಗಳಿಗೆ ಅಲ್ಲೇ ನಿಂತು, ಚಿತ್ರದಾಚೆಗೆ ಸರಿಯಿತು. ಹನ್ನೊಂದು ಸೆಕೆಂಡು.

"ಇದರ ದನಿ ಇದೆಯಾ?" ಎಂದು ಗುಮಾಸ್ತನನ್ನು ಕೇಳಿದೆ.

"ಒರಿಜಿನಲ್ ಅಳ್ಸಿಲ್ಲ ಮೇಡಂ. ನಾನು ಯಾವ್ದೂ ಅಳ್ಸಲ್ಲ. ಮದುವೆಯೋರು ಆರು ತಿಂಗಳಾದ್ಮೇಲೆ ಬಂದು ನಮ್ಮತ್ತೆ ಎಲ್ಲಿ ಅಂತಾರೆ."

ದನಿ ಹಾಕಿದ. ಯಂತ್ರದ ಟಿಕ್ ಟಿಕ್, ಯಾರೋ ಕೆಮ್ಮಿದ್ದು, ಸಲಕರಣೆ ಕೊಡುವ ಥಿಯೇಟರ್ ಸಿಸ್ಟರ್ ತಮಿಳಿನಲ್ಲಿ ಏನೋ ಗೊಣಗಿದ್ದು. ಆಮೇಲೆ ಒಂದು ಹೆಂಗಸಿನ ಬೇಸರದ ದನಿ: "ಆ ಕೈ ಅಲ್ಲ." ಸ್ವಲ್ಪ ಹೊತ್ತಿಗೆ ಮತ್ತೆ, "ಆ ಕೈ ಅಲ್ಲಮ್ಮ, ಎಷ್ಟ್ ಸಲ ಹೇಳೋದು." ಯಾರಿವರು ಇಷ್ಟು ಒರಟು ಅಂದುಕೊಂಡೆ. ನಾನೇ.

ಮನೆಗೆ ಹೋಗಿ ಆ ಆಪರೇಷನ್ ನಡೆದ ದಿನದ ದಿನಚರಿ ತೆಗೆದೆ. ಹೀಗಿತ್ತು: "ಇವತ್ತು ಬಾಯಿ ಬಿಡಲಿಲ್ಲ. ಸುಮ್ಮನೆ ನಿಂತು ನೋಡಿದೆ. ಹಾಗೆ ನಿಲ್ಲುವುದೇ ಕಷ್ಟ."

ಸುಳ್ಳು ಬರೆಯುವ ಉದ್ದೇಶ ನನಗಿರಲಿಲ್ಲ. ಬರೆದಾಗ ಅದನ್ನು ನಂಬಿಯೂ ಇದ್ದೆ. ಅದೇ ನನ್ನನ್ನು ಹೆದರಿಸಿದ್ದು.

ಮಾರನೆಯ ದಿನ ಡ್ಯೂಟಿ ಕೋಣೆಗೆ ಅವಳನ್ನು ಕರೆದು ಕೇಳಿದೆ. "ನೀನು ಎಡಗೈಯವಳಾ?"

"ಇಲ್ಲ ಮೇಡಂ. ಬಲಗೈಲೇ ಬರೀತೀನಿ, ಬಲಗೈಲೇ ಊಟ ಮಾಡ್ತೀನಿ."

ವಿಡಿಯೋದಲ್ಲಿ ಕಂಡದ್ದನ್ನು ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಚಿಕ್ಕೋಳಿದ್ದಾಗ ಎಡಗೈಗೆ ಬೇವಿನೆಣ್ಣೆ ಸವರೋರು. ಬಾಯಿಗೆ ಇಟ್ರೆ ಕಹಿ. ಆಮೇಲೆ ಅಭ್ಯಾಸ ಆಗೋಯ್ತು."

"ಈಗ ಎಡಗೈಲಿ ಏನೂ ಮಾಡಲ್ವಾ?"

"ಹೂ ಕಟ್ತೀನಿ. ಮಾರೋ ಹೂವಾದ್ರೆ ಎಡಗೈಲಿ, ಅಮ್ಮ ಏನೂ ಅನ್ನಲ್ಲ, ಮೊಳ ಬೇಗ ಆಗ್ತದಲ್ಲ. ದೇವ್ರಿಗೆ ಅಂದ್ರೆ ಮಾತ್ರ ಬಲಗೈ. ಅದು ಒಂದೊಂದ್ಸಲ ಬಿಚ್ಕೊಂಡ್ಬಿಡ್ತದೆ." ಹೇಳಿ ತಾನೇ ನಕ್ಕಳು. ಆಮೇಲೆ ನಗು ನಿಂತಿತು. "ಮೊದಲ್ನೇ ವರ್ಷ ಎರಡು ಸಲ ಎಡಗೈ ಚಾಚಿದೆ ಮೇಡಂ. ನೀವು ಬೈದ್ರಿ. ಸರಿ ಅಂತ ಬಿಟ್ಟೆ. ಆದ್ರೆ ಅದು ಬಿಟ್ಟಿಲ್ಲ ನೋಡಿ."

ನಾನು ಬೈದದ್ದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಅದರಿಂದ ಏನಾಗಬೇಕು?

ಸಿಸ್ಟರ್ ಉರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು. ನಮ್ಮ ಥಿಯೇಟರಿನಲ್ಲಿ ಸರ್ಜನ್ನರು ಬಾಯಿ ತೆರೆಯುವ ಮುನ್ನವೇ ಬೇಕಾದ ಸಲಕರಣೆ ಕೈಯಲ್ಲಿಡುವವರು. ಅವರನ್ನು ಕೇಳಿದಾಗ ಆಶ್ಚರ್ಯಪಟ್ಟರು.

"ಅಯ್ಯೋ ಡಾಕ್ಟ್ರಮ್ಮ, ಎಡಗೈಗೆ ಯಾರಾನಾ ಏನಾನಾ ಕೊಡ್ತಾರಾ? ಒಳಗೆ ಒಬ್ಬ ಮನುಷ್ಯ ಉಯಿರು, ಪ್ರಾಣಾನೇ ಒಪ್ಸಿ ಮಲ್ಗಿರ್ತಾನೆ. ಆ ಪಾಪು ಎಡಗೈ ನೀಡಿದ್ರೆ ನಾನು ಕಾಯ್ತೀನಿ, ತಾನೇ ಸರಿಮಾಡ್ಕೊಳ್ಳಲಿ ಅಂತ. ಒಂದ್ ಮಾತು ಬೈದಿಲ್ಲ."

ನಿಜ. ಅವರು ಬೈದಿರಲಿಲ್ಲ. ಪ್ರೀತಿಯಿಂದಲೇ ಕಾದಿದ್ದರು. ಆ ಕಾಯುವಿಕೆಗೆ ನಾವಿಬ್ಬರು ಸರ್ಜನ್ನರು ಅಂಕ ಹಾಕಿದ್ದೆವು.

ಈಗ ಏನು ಮಾಡುವುದು? ಕಾರಣ ಗೊತ್ತಾಯಿತೆಂದು ಅಂಕ ತಿದ್ದಿದರೆ, ಮುಖ ನೋಡಿ ಬರೆಯುವ ಹಳೆಯ ಪದ್ಧತಿಗೇ ಹಿಂತಿರುಗಿದಂತೆ. ಬರೀ ಕರುಣೆಯಿಂದ ಸಹಿ ಹಾಕಿದರೆ ನಾಳೆ ಅವಳ ಕತ್ತರಿಯಡಿ ಮಲಗುವವನಿಗೆ ಏನು ಹೇಳುವುದು? ಎಡಗೈಯಲ್ಲಿ ಅವಳು ನಿಜವಾಗಿ ಒಳ್ಳೆಯ ಸರ್ಜನ್ನೇ, ಅಥವಾ ಹನ್ನೊಂದು ಸೆಕೆಂಡಿನ ಕನಸು ಕಂಡೆನೇ? ಎರಡು ದಿನ ಇದೇ ಯೋಚನೆ. ದಿನಚರಿಯಲ್ಲಿ ಬರೆಯಲಿಲ್ಲ. ಬರೆದರೆ ನಂಬಿಬಿಡುತ್ತೇನೆ ಎಂಬ ಭಯ.

ದಾರಿ ತೋರಿಸಿದ್ದು ಗುಮಾಸ್ತ, ತನಗೇ ತಿಳಿಯದೆ. ಪರದೆಯ ಮೇಲಿನ ಒಂದು ಗುಂಡಿಯತ್ತ ನನ್ನ ಬೆರಳು ಹೋದಾಗ ತಡೆದ.

"ಅದನ್ನ ಮುಟ್ಬೇಡಿ ಮೇಡಂ, ಚಿತ್ರ ಕನ್ನಡಿ ಥರ ತಿರುಗ್ಬಿಡ್ತದೆ. ಒಂದ್ಸಲ ಗೊತ್ತಾಗ್ದೆ ಒತ್ಬಿಟ್ಟೆ, ಮುತ್ತೈದೇರೆಲ್ಲ ಎಡಗೈಲಿ ಅಕ್ಷತೆ ಹಾಕ್ದಂಗೆ ಬಂತು. ಹೆಣ್ಣಿನ ಅಪ್ಪ ನನ್ನ ಹೊಡೆಯೋಕೇ ಬಂದ್ಬಿಟ್ರು."

"ಒತ್ತಪ್ಪ" ಎಂದೆ. "ಆ ಹನ್ನೊಂದು ಸೆಕೆಂಡು ಮಾತ್ರ."

ಒತ್ತಿದ. ಪರದೆಯಲ್ಲಿ ಎಡ ಬಲವಾಯಿತು. ಅದೇ ಕೆಂಪು, ಅದೇ ಬೆರಳು. ಆದರೆ ಈಗ ಬಲಗೈಯೊಂದು ಫೋರ್ಸೆಪ್ಸ್ ಎತ್ತಿಕೊಂಡು, ಕಚ್ಚಿಸಿ, ಗಂಟು ಹಾಕಿತು. ಮೂರು ಸಲ ನೋಡಿದೆ. ಗುಮಾಸ್ತನೂ ಬಾಗಿ ನೋಡುತ್ತ ನಿಂತಿದ್ದ. ನಿದ್ದೆಯಲ್ಲಿ ಯಾವುದೋ ಗುರುತಿನ ಮನೆಗೆ ಬೇರೆ ಬಾಗಿಲಿಂದ ಹೊಕ್ಕಂತೆ ಅನಿಸಿತು ನನಗೆ.

ಆ ತುಣುಕನ್ನು ಫೋನಿಗೆ ಹಾಕಿಸಿಕೊಂಡು ಸಂಜೆಯ ರೈಲಿಗೆ ಬಂಗಾರಪೇಟೆಗೆ ಮರಳಿದೆ. ಮನೆಗೆ ಹೋಗುವ ಮುಂಚೆಯೇ ನಿವೃತ್ತ ಸರ್ಜನ್ನರಿಗೆ ಏನೂ ಹೇಳದೆ ತೋರಿಸಿದೆ.

"ಯಾರಿದು, ನೀನಾ?" ಎಂದರು.

"ನಾನಲ್ಲ ಸಾರ್."

"ಯಾರೋ ಪಳಗಿದ ಕೈ. ಹೆದರಿಕೇನೇ ಇಲ್ಲ."

"ನಿಮ್ಮ ತಾಂಬೂಲದ ಹುಡುಗಿ" ಎಂದು ಎಲ್ಲವನ್ನೂ ಹೇಳಿದೆ. ಅವರು ಆ ತುಣುಕನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಆಮೇಲೆ ಗಡುಸಾಗಿಯೇ ಹೇಳಿದರು: "ನೋಡಮ್ಮ, ಕಣ್ಣಿಗೆ ಬಟ್ಟೆ ಕಟ್ಕೊಂಡು ಅಂಕ ಹಾಕೋಣ ಅಂದೋಳು ನೀನು. ಈಗ ಬಟ್ಟೆ ಬಿಚ್ಚಿ ಅಯ್ಯೋ ಪಾಪ ಅನ್ನೋಕಾಗಲ್ಲ. ಹನ್ನೊಂದು ಸೆಕೆಂಡ್ ನೋಡಿ ನಾನು ಯಾರ್ಗೂ ಹೊಟ್ಟೆ ಕುಯ್ಯೋಕೆ ಬಿಡಲ್ಲ. ಪೂರ್ತಿ ಆಪರೇಷನ್ ತೋರ್ಸು."

ತೀರ್ಮಾನ ಅಲ್ಲೇ ಆಯಿತು. ಹಳೆಯ ಅಂಕಗಳನ್ನು ಮುಟ್ಟುವುದಿಲ್ಲ. ಅವಳು ಎಡಗೈಯಲ್ಲಿ ಹೊಸದಾಗಿ ಮೂರು ಆಪರೇಷನ್ ಮಾಡಬೇಕು. ಮೂರೂ ಲೆಕ್ಕಕ್ಕೆ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಆರಿಸುವಂತಿಲ್ಲ. ಉಳಿದ ಇಬ್ಬರೂ ಒಂದೊಂದು ಹೊಸ ವಿಡಿಯೋ ಕೊಡಬೇಕು. ಎಲ್ಲವನ್ನೂ ಬೆರೆಸಿ, ಕೆಲವನ್ನು ಕನ್ನಡಿಯಂತೆ ತಿರುಗಿಸಿ, ಎಡಗೈ ಯಾರದು ಬಲಗೈ ಯಾರದು ಎಂಬುದೇ ತಿಳಿಯದಂತೆ ಮಾಡಬೇಕು. ನಾನು ಅಂಕ ಹಾಕುವುದಿಲ್ಲ. ನನ್ನ ಬದಲು ಇನ್ನೊಂದು ಜಿಲ್ಲೆಯ, ನಮ್ಮಲ್ಲಿ ಯಾರನ್ನೂ ಕಾಣದ ಒಬ್ಬ ಸರ್ಜನ್. ಅವರಿಗೆ ಈ ಕಥೆ ಹೇಳಕೂಡದು.

ಇಬ್ಬರು ಹುಡುಗರಲ್ಲಿ ಒಬ್ಬ ಗೊಣಗಿದ. "ನಾವು ಪಾಸಾಗಿದೀವಲ್ಲ ಮೇಡಂ, ಮತ್ತೆ ಯಾಕೆ?" ಯಾಕೆಂದು ಹೇಳುವಂತಿರಲಿಲ್ಲ. "ಕ್ಯಾಮೆರಾ ಸರಿಯಾಗಿರಲಿಲ್ಲ" ಎಂದೆ. ಪೂರ್ತಿ ಸುಳ್ಳೇನಲ್ಲ.

ಉಳಿದದ್ದು ಹದಿನಾರು ದಿನ. ಡ್ಯೂಟಿ ಕೋಣೆಯಲ್ಲಿ ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿಕೊಂಡು ಅಭ್ಯಾಸ ಮಾಡಿದಳು. ಆಗ ನನಗೆ ಗೊತ್ತಾದದ್ದು, ನಮ್ಮ ಸಲಕರಣೆಗಳೆಲ್ಲ ಬಲಗೈಗೆ ಹುಟ್ಟಿದವು. ಸೂಜಿ ಹಿಡಿಯುವ ಇಕ್ಕಳದ ಹಲ್ಲು ಬಲ ಹೆಬ್ಬೆರಳು ಹೊರಕ್ಕೆ ತಳ್ಳಿದರೆ ಬಿಚ್ಚಿಕೊಳ್ಳುತ್ತದೆ. ಎಡಗೈಯಲ್ಲಿ ಹಿಡಿದರೆ ಹೆಬ್ಬೆರಳನ್ನು ಒಳಕ್ಕೆ ಎಳೆಯಬೇಕು. ಕತ್ತರಿಯಂತೂ ಎಡಗೈಯಲ್ಲಿ ದಾರವನ್ನು ಕತ್ತರಿಸದೆ ಅಗಿಯುತ್ತದೆ. ಕತ್ತರಿ ಬಲಗೈಯಲ್ಲೇ ಇರಲಿ, ಸೂಜಿ ಎಡಗೈಗೆ ಎಂದು ಅವಳೇ ಗೊತ್ತುಮಾಡಿಕೊಂಡಳು. ಮೇಜಿನ ಆಚೆ ಬದಿಗೆ ನಿಂತಳು. ಕಲಿಸಬೇಕಾದ ನಾನು ಅವಳಿಂದ ಕಲಿಯುತ್ತಿದ್ದೆ. ಎಡಗೈಯಲ್ಲಿ ನಾನೂ ಸ್ಪಂಜು ಹೊಲಿದು ನೋಡಿದೆ. ಮೂರು ಹೊಲಿಗೆ ಹಾಕುವಷ್ಟರಲ್ಲಿ ಬೆವರಿದೆ.

ಸಿಸ್ಟರನ್ನು ಒಪ್ಪಿಸುವುದೇ ಕಷ್ಟವಾಯಿತು.

"ವೇಣಾಂ, ಬೇಡ ಡಾಕ್ಟ್ರಮ್ಮ, ನನ್ ಕೈಯೇ ಬರಲ್ಲ. ಇಷ್ಟ್ ವರ್ಷ ಬಲಗೈಗೇ ಕೊಟ್ಟಿದೀನಿ. ಏನಾನಾ ಎಚ್ಚುಕಮ್ಮಿ ಆದ್ರೆ?"

ನಾನು ವಿಜ್ಞಾನ ಹೇಳತೊಡಗಿದೆ. ಹುಡುಗಿ ನನ್ನನ್ನು ನಿಲ್ಲಿಸಿ ಸಿಸ್ಟರ್ ಹತ್ತಿರ ಹೋದಳು. "ಅಕ್ಕಾ, ಮೊದ್ಲು ಬ್ಲೇಡ್ ಬಲಗೈಗೇ ಕೊಡಿ. ದೇವ್ರಿಗೆ ಅಂತ. ಚರ್ಮ ಬಲಗೈಲೇ ಕುಯ್ತೀನಿ. ಮಿಕ್ಕಿದ್ದು ಎಡಗೈಗೆ."

ಸಿಸ್ಟರ್ ಅವಳ ಮುಖ ನೋಡಿದರು. "ಶುರು ಮಾತ್ರ ಬಲಗೈ?"

"ಶುರು ಮಾತ್ರ."

"ಸರಿ ಬಾ. ಆದ್ರೆ ಟ್ರಾಲಿನ ಆ ಕಡೆ ತಿರುಗ್ಸಿದ್ರೆ ನಂಗೂ ಎಲ್ಲಾ ಉಲ್ಟಾ. ಬೈಬಾರದು."

"ನಾನ್ ಎಲ್ಲಿ ಬೈಲಿ ಅಕ್ಕಾ, ನಿಮ್ಮನ್ ಕಂಡ್ರೆ ಮೇಡಂಗೇ ಭಯ."

ಮೊದಲ ಆಪರೇಷನ್ ಕೆಟ್ಟಿತು. ಸಿಸ್ಟರ್ ಎರಡು ಸಲ ಮರೆತು ಬಲಗೈಗೆ ಕೊಟ್ಟರು. ಇಕ್ಕಳ ಬಿಚ್ಚದೆ ಸೂಜಿ ಬಾಗಿತು. ಜಾಲರಿಯ ಮೇಲಂಚಿಗೆ ಬರುವಷ್ಟರಲ್ಲಿ ಬೆನ್ನಿಗೆ ಕೊಟ್ಟ ಅರಿವಳಿಕೆ ಇಳಿಯತೊಡಗಿದೆ ಎಂದು ಅರಿವಳಿಕೆ ವೈದ್ಯರು ಎಚ್ಚರಿಸಿದರು. ಅವಳು ಜಾಲರಿ ಮುಗಿಸಿದ ಕೂಡಲೇ ಹೊತ್ತು ಉಳಿಸಲು ನಾನು ಕೈ ಹಾಕಿ ಚರ್ಮವನ್ನು ಮುಚ್ಚಿದೆ. ರೋಗಿಗೆ ತೊಂದರೆಯಾಗಲಿಲ್ಲ. ಆದರೆ ವಿಡಿಯೋದಲ್ಲಿ ನನ್ನ ಕೈ ಬಂದಿತ್ತು. ಆ ಕೊನೆಯ ಭಾಗ ಅಭ್ಯರ್ಥಿಯದಲ್ಲವೆಂದು ಹಾಳೆಯಲ್ಲಿ ಬರೆಯಲೇಬೇಕಾಯಿತು. ಮೂರೂ ಲೆಕ್ಕಕ್ಕೆ ಎಂದು ನಾವೇ ಹೇಳಿದ್ದೆವಲ್ಲ.

ಕೈ ತೊಳೆಯುವಲ್ಲಿ ಅವಳು ಪಕ್ಕದಲ್ಲಿ ನಿಂತಿದ್ದಳು. "ಬಲಗೈಲೇ ಮಾಡಿದ್ರೆ ಎರಡಂಕ ಆದ್ರೂ ಬರ್ತಿತ್ತು" ಎಂದಳು.

"ಹಿಂದಕ್ಕೆ ಹೋಗ್ತೀಯಾ?"

ನೀರು ನಿಲ್ಲಿಸಿದಳು. "ಇವತ್ತು ಒಂದ್ಸಲನೂ ಯಾವ ಕೈ ಅಂತ ಯೋಚ್ನೆ ಬರ್ಲಿಲ್ಲ ಮೇಡಂ. ಬರೀ ಹರ್ನಿಯಾ ಬಗ್ಗೆ ಯೋಚ್ನೆ ಮಾಡ್ದೆ. ಹಿಂದೆ ಹಂಗಿರಲಿಲ್ಲ."

ಎರಡನೆಯದರಲ್ಲಿ ನಾನು ಎದುರಿಗೆ ನಿಂತು ಗಾಯ ಅಗಲಿಸುವ ಕೊಕ್ಕೆ ಹಿಡಿದೆ, ಬಾಯಿ ಬಿಡಲಿಲ್ಲ. ಬಿಡಲಿಲ್ಲ ಎಂದು ಆಮೇಲೆ ದನಿ ಹಾಕಿ ಕೇಳಿ ಖಚಿತಪಡಿಸಿಕೊಂಡೆ. ಮೂರನೆಯದರ ನಡುವೆ ನನ್ನ ಮನಸ್ಸು ಎಲ್ಲೋ ತೇಲಿಹೋಯಿತು. ಎಚ್ಚರವಾದಾಗ ನೀಲಿ ದಾರ ಅಂಚಿನುದ್ದಕ್ಕೂ ಸಮನಾಗಿ ಹರಿದು ಹೋಗಿತ್ತು. ಸಿಸ್ಟರ್ ಕೈ, ಅವಳ ಕೈ, ಎರಡರ ನಡುವೆ ಇಕ್ಕಳ ಹೋಗಿ ಬರುತ್ತಿತ್ತು, ನಿಲ್ಲದೆ. ನಾನು ಅಲ್ಲಿದ್ದೇನೆ ಎಂಬುದು ಆ ಇಬ್ಬರಿಗೂ ನೆನಪಿದ್ದಂತಿರಲಿಲ್ಲ.

ಅಂಕ ಬಂದವು. ಅವಳ ಮೊದಲನೆಯದು ಮೂರರ ಗೆರೆಯ ಕೆಳಗೆ, ಎರಡನೆಯದು ಗೆರೆಯ ಮೇಲೆ, ಮೂರನೆಯದು ಅದಕ್ಕೂ ಮೇಲೆ. ಮೂರೂ ಸೇರಿ ಸರಾಸರಿ ಮೂರಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ನಿವೃತ್ತ ಸರ್ಜನ್ನರ ಫೋನ್ ಬಂತು. "ಯಾವ್ದು ತಿರುಗ್ಸಿದ್ದು ಯಾವ್ದು ನೇರ ಅಂತ ಕಂಡುಹಿಡಿಯೋಕೆ ಕೂತು ಕೂತು ನನಗೇ ನನ್ನ ಎಡ ಬಲ ಮರ್ತೋಯ್ತಮ್ಮ. ಕೊನೆಗೆ ಬಿಟ್ಟೆ. ಬರೀ ಹೊಲಿಗೆ ನೋಡ್ದೆ."

ಪಟ್ಟಿಯ ಜೊತೆ ಒಂದು ಪತ್ರ ಹೋಗಬೇಕಿತ್ತು. ಒಬ್ಬಳಿಗೆ ಮಾತ್ರ ಯಾಕೆ ಹೊಸದಾಗಿ ಮೂರು ಆಪರೇಷನ್ ಎಂದು ಕೇಳಿದರೆ ಉತ್ತರವಿರಬೇಕು. ಎಲ್ಲವನ್ನೂ ಬರೆದು ಅವಳಿಗೆ ತೋರಿಸಿದೆ. ಓದಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಎಡಗೈ ಅಂತ ಬರೀಬೇಡಿ ಮೇಡಂ."

"ಯಾಕೆ? ತಪ್ಪೇನಿದೆ ಅದ್ರಲ್ಲಿ?"

"ನಿಮ್ಗೆ ತಪ್ಪಿಲ್ಲ. ನಾಳೆ ಎಲ್ಲಿ ಕೆಲ್ಸ ಕೇಳೋಕೆ ಹೋದ್ರೂ ಮೊದ್ಲು ಅದನ್ನೇ ಓದ್ತಾರೆ. ನಾನ್ ಹೇಳ್ಕೊಳ್ಳೋದಾದ್ರೆ ನಾನೇ ಹೇಳ್ಕೋತೀನಿ."

ಅವಳು ಹೋದ ಮೇಲೆ ಪತ್ರ ಹರಿದೆ. ಸತ್ಯವನ್ನೇ ಬರೆಯಬೇಕು, ಆದರೆ ಅವಳ ಸತ್ಯವನ್ನಲ್ಲ. ಕೊನೆಗೆ ಮೂರೇ ಸಾಲು ಉಳಿದವು: ಮೊದಲ ಸುತ್ತಿನಲ್ಲಿ ಕಾಣುವ ತಡವರಿಕೆ ಈ ಅಭ್ಯರ್ಥಿಯದಲ್ಲ. ಥಿಯೇಟರಿನಲ್ಲಿ ಸಲಕರಣೆ ಇಟ್ಟ ಕ್ರಮ ಮತ್ತು ಕಲಿಸುವವಳು ಆಪರೇಷನ್ನಿನ ನಡುವೆ ಆಡಿದ ಮಾತು ಅದಕ್ಕೆ ಕಾರಣ. ದನಿಯಿರುವ ಮೂಲ ವಿಡಿಯೋ ಕೇಳಿದರೆ ಒದಗಿಸಲಾಗುವುದು. ಕೆಳಗೆ ನನ್ನ ಸಹಿ. ಹಾಳೆ ಆಸ್ಪತ್ರೆಯ ಆಡಳಿತಾಧಿಕಾರಿಯ ಕೈಗೆ ಹೋದಾಗ ಅವರು ಎರಡು ಸಲ ಓದಿದರು. "ಇದು ನಿಮ್ಮ ಮೇಲೇ ಬರುತ್ತಲ್ಲ ಮೇಡಂ" ಎಂದರು. ಬರಲಿ ಎಂದೆ. ಅಷ್ಟು ಧೈರ್ಯದಿಂದ ಹೇಳಿದೆನೋ ಇಲ್ಲವೋ, ಅದರ ವಿಡಿಯೋ ಇಲ್ಲ.

ಅವಳ ಹೆಸರು ಪಟ್ಟಿಯಲ್ಲಿ ಹೋಯಿತು. ಮುಂದಿನ ವಾರ ಥಿಯೇಟರಿನಲ್ಲಿ ಒಂದು ಹರ್ನಿಯಾ ಅವಳ ಹೆಸರಿನಲ್ಲಿ, ಬರೀ ಅವಳ ಹೆಸರಿನಲ್ಲಿ ಇತ್ತು. ಜೂನಿಯರ್ ಒಬ್ಬ ಸಹಾಯಕ್ಕೆ. ಕರೆದರೆ ಸಿಗುವಷ್ಟು ದೂರದಲ್ಲಿ ನಾನಿರಬೇಕೆಂಬುದು ನಿಯಮ. ಕ್ಯಾಮೆರಾದ ತೋಳನ್ನು ಗೋಡೆಗೆ ತಿರುಗಿಸಿಬಿಟ್ಟಿದ್ದೆ. ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ರೋಗಿಯ ಹೆಂಡತಿ ಚೀಲವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನ ಹಸಿರು ಬಟ್ಟೆ ನೋಡಿ ಗಾಬರಿಯಾದಳು.

"ನೀವೇ ದೊಡ್ ಡಾಕ್ಟ್ರಲ್ವಾ? ನೀವಿಲ್ಲಿ ಕುಂತಿದ್ರೆ ಒಳಗೆ ಯಾರು ಕುಯ್ತಾವ್ರೆ?"

"ಡಾಕ್ಟ್ರು ಇದಾರಮ್ಮ."

"ನೀವು ನೋಡ್ಕೊಳ್ಳಲ್ವಾ?"

"ಇಲ್ಲ. ಕಾಯ್ತಿದೀನಿ, ನಿಮ್ಮ ಥರಾನೇ."

ಅವಳಿಗೆ ಅದು ಸಮಾಧಾನವಾಯಿತೋ ಇಲ್ಲವೋ, ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟಳು. ಬಾಗಿಲ ಗಾಜು ಮಂಜಾಗಿತ್ತು. ಒಳಗೆ ಹಸಿರು ಆಕಾರಗಳು ಅಲುಗುತ್ತಿದ್ದವು. ಯಾವ ಕೈ, ಯಾವ ಹೊಲಿಗೆ, ಏನೂ ಕಾಣುತ್ತಿರಲಿಲ್ಲ. ಎದ್ದು ನೋಡಬೇಕೆಂದು ಎಷ್ಟು ಸಲ ಅನಿಸಿತೋ. ಎದ್ದಿದ್ದರೂ ಎದ್ದಿರಬಹುದು. ಕೂತೇ ಇದ್ದೆ ಎಂದು ನೆನಪು.

ಕೊನೆಗೆ ಬಾಗಿಲು ತೆರೆಯಿತು. ಅವಳು ಮುಖದ ಮಾಸ್ಕನ್ನು ಕೆಳಗೆ ಎಳೆದುಕೊಂಡು ಸೀದಾ ಆ ಹೆಂಗಸಿನ ಹತ್ತಿರ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಳು. "ಆಯ್ತಕ್ಕಾ. ಚೆನ್ನಾಗವ್ರೆ. ಸಂಜೆಗೆ ಗಂಜಿ ಕೊಡ್ಬೋದು. ಮೂರು ತಿಂಗಳು ಭಾರ ಎತ್ತಂಗಿಲ್ಲ, ಗೊತ್ತಾಯ್ತಾ, ಎಷ್ಟೇ ಅಂದ್ರೂ ಬಿಡ್ಬೇಡ." ಆ ಹೆಂಗಸು ಅವಳ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಆಪರೇಷನ್ ಹೇಗಾಯಿತೆಂದು ನಾನು ಕೇಳಲಿಲ್ಲ, ಅವಳೂ ನನ್ನ ಕಡೆ ತಿರುಗಿ ಹೇಳಲಿಲ್ಲ. ಮುಂದಿನ ರೋಗಿಯನ್ನು ನೋಡಲು ವಾರ್ಡಿನ ಕಡೆ ನಡೆದುಹೋದಳು.